ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಜೊತೆ: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಒಂಟಿತನ’ ಎಂಬ ಪದ ಬರುವುದಿಲ್ಲ. ‘ಉದಾಸೀನ ಆಗ್ತದೆ’ ಎನ್ನುತ್ತಾರೆ. ‘ಹೊತ್ತು ಹೋಗುವುದಿಲ್ಲ’, ‘ಒಬ್ಬಳಿಗೇ ಏನು ಅಡುಗೆ ಮಾಡುವುದು’, ‘ರಾತ್ರಿ ನಿದ್ದೆ ಇಲ್ಲ’ ಎನ್ನುತ್ತಾರೆ. ಮಕ್ಕಳು ಮುಂಬೈ, ಬೆಂಗಳೂರು, ದುಬೈಯಲ್ಲಿದ್ದು, ಉಡುಪಿ ಅಥವಾ ಮಂಗಳೂರಿನ ಆಸುಪಾಸಿನ ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ ಇರುವಾಗ ಈ ಮಾತುಗಳನ್ನು ಬರೀ ದೂರು ಎಂದು ತಳ್ಳಿಹಾಕಬಾರದು.

ಇಂಥ ಮನೆಗೆ ವಾರಕ್ಕೆ ಕೆಲವು ದಿನ ಬಂದು ಕೂತು ಮಾತಾಡುವ, ಜೊತೆಗೆ ಉಣ್ಣುವ, ಕೈಕೆಲಸ ಮಾಡುವ ಒಬ್ಬರನ್ನು ಹೇಗೆ ಹುಡುಕಬೇಕು, ಹೇಗೆ ಒಗ್ಗಿಸಬೇಕು ಎಂಬುದು ಇಲ್ಲಿದೆ. ಒಂದು ವಿಷಯ ಮೊದಲೇ ಹೇಳಬೇಕು. ಹಿರಿಯರಿಗೆ ಬೇಕಾಗಿರುವುದು ಸೇವೆ ಮಾಡುವವರು ಮಾತ್ರ ಅಲ್ಲ; ತಮ್ಮಿಂದ ಏನಾದರೂ ಪಡೆಯುವವರೂ ಬೇಕು. ಐವತ್ತು ವರ್ಷ ಮನೆ ನಡೆಸಿದವರಿಗೆ, ಪಾಠ ಹೇಳಿದವರಿಗೆ, ಗದ್ದೆ ಮಾಡಿಸಿದವರಿಗೆ ಇದ್ದಕ್ಕಿದ್ದಂತೆ ‘ನೀವು ಸುಮ್ಮನೆ ಕೂತ್ಕೊಳ್ಳಿ’ ಎಂದರೆ ಮನಸ್ಸು ಬತ್ತುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಒಂದು ವಿಷಯದ ಸುತ್ತಲೇ ಇವೆ.

ಹಂತ 1: ಮೊದಲು ಕಿವಿ, ಕಣ್ಣು, ಔಷಧಿ ನೋಡಿ

ಜನ ಹುಡುಕುವ ಮೊದಲು ಇದನ್ನು ಮುಗಿಸಿ. ಕಿವಿ ಸರಿಯಾಗಿ ಕೇಳದ ಹಿರಿಯರ ಪಕ್ಕ ಎಷ್ಟೇ ಒಳ್ಳೆಯ ಜೊತೆಗಾರರನ್ನು ಕೂರಿಸಿದರೂ ಅವರು ಒಂಟಿಯಾಗಿಯೇ ಉಳಿಯುತ್ತಾರೆ.

ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಅಳಿಸಿಹೋಗಿ ಸ್ವರಾಕ್ಷರಗಳು ಮಾತ್ರ ಉಳಿಯುತ್ತವೆ. ಅದಕ್ಕೇ ‘ಸದ್ದು ಕೇಳ್ತದೆ, ಮಾತು ಗೊತ್ತಾಗುವುದಿಲ್ಲ’ ಎನ್ನುತ್ತಾರೆ. ಸೊಸೆಯ ಮಾತಿಗಿಂತ ಮಗನ ಮಾತು ಚೆನ್ನಾಗಿ ಕೇಳುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಹೆಂಗಸರ, ಮಕ್ಕಳ ಧ್ವನಿ ತೀಕ್ಷ್ಣ. ಇದನ್ನು ಪಕ್ಷಪಾತ ಎಂದು ತಿಳಿದು ಮುನಿಸಿಕೊಂಡ ಮನೆಗಳು ಬಹಳ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಇಎನ್‌ಟಿ ವೈದ್ಯರು ಒಂದೇ ಭೇಟಿಯಲ್ಲಿ ತೆಗೆಯಬಹುದು. ಇಲ್ಲವಾದರೆ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿ. ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇದೆ. ಶ್ರವಣ ಸಾಧನ ಕೊಂಡರೆ ಮೊದಲ ದಿನದಿಂದಲೇ ಇಡೀ ಹಗಲು ಹಾಕಿಸಬೇಡಿ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ ಸಾಕು. ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ‘ಎಲ್ಲ ಪಾತ್ರೆ ಸದ್ದೇ ಕೇಳ್ತದೆ’ ಎಂದು ಕಪಾಟಿಗೆ ಸೇರಿದ ಸಾಧನಗಳ ಹಿಂದೆ ಇರುವುದು ಬಹುಪಾಲು ಈ ಆತುರವೇ.

ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಕೊರತೆ ಇವನ್ನೂ ಒಮ್ಮೆ ನೋಡಿಸಿ. ಸುಸ್ತು, ಮಂಕು, ಯಾರೂ ಬೇಡ ಎನ್ನುವುದು ಇವುಗಳಿಂದಲೂ ಬರಬಹುದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲೆ ಇಡಿ. ಮೂರು ವೈದ್ಯರು ಬೇರೆ ಬೇರೆಯಾಗಿ ಬರೆದ ಔಷಧಿಗಳ ಪೈಕಿ ತೂಕಡಿಕೆ ತರುವಂಥದ್ದು ಎಷ್ಟೋ ಸಲ ಎರಡಿರುತ್ತದೆ.

ಇನ್ನೊಂದು ಎಚ್ಚರ. ನಿನ್ನೆಯವರೆಗೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಗೊಂದಲದ ಮಾತಾಡಿದರೆ ಅದು ಒಂಟಿತನವೂ ಅಲ್ಲ, ಅರಳು ಮರಳೂ ಅಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿತ, ಬಿದ್ದು ತಲೆಗೆ ಪೆಟ್ಟು, ಹೊಸ ಮಾತ್ರೆ ಏನಾದರೂ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 2: ಮೂರು ಪ್ರಶ್ನೆ ಕೇಳಿ, ಬರೆದಿಡಿ

ಒಂಟಿತನ ಅಳೆಯಲು ಜಗತ್ತಿನ ಬೇರೆ ಬೇರೆ ಕಡೆ ಬಳಸುವ ಒಂದು ಕಿರು ಪ್ರಶ್ನಾವಳಿ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 20 ಪ್ರಶ್ನೆಗಳ ಅಳತೆಯನ್ನು ಮೂರಕ್ಕೆ ಇಳಿಸಿದ್ದು ಅದು. ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು: ‘ಜೊತೆಗೆ ಯಾರಾದರೂ ಇದ್ದಿದ್ದರೆ ಅಂತ ಎಷ್ಟು ಸಲ ಅನಿಸ್ತದೆ?’, ‘ನಿಮ್ಮನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಬಿಟ್ಟುಹಾಕಿದ್ದಾರೆ ಅಂತ ಎಷ್ಟು ಸಲ ಅನಿಸ್ತದೆ?’, ‘ಎಲ್ಲರಿಂದ ದೂರ ಆಗಿದ್ದೇನೆ ಅಂತ ಎಷ್ಟು ಸಲ ಅನಿಸ್ತದೆ?’ ಪ್ರತಿಯೊಂದಕ್ಕೂ ‘ಇಲ್ಲವೆನ್ನುವಷ್ಟು ಕಡಿಮೆ’ ಎಂದರೆ 1, ‘ಕೆಲವು ಸಲ’ ಎಂದರೆ 2, ‘ಆಗಾಗ’ ಎಂದರೆ 3 ಅಂಕ. ಒಟ್ಟು 3ರಿಂದ 9. ಸಾಮಾನ್ಯವಾಗಿ 6 ಅಥವಾ ಹೆಚ್ಚು ಬಂದರೆ ಒಂಟಿತನ ಇದೆ ಎಂದು ತಿಳಿಯುತ್ತಾರೆ.

ಮೂವತ್ತು ವರ್ಷದಿಂದ ಒಬ್ಬರೇ ಇದ್ದು, ಬೆಳಿಗ್ಗೆ ಪೂಜೆ, ಮಧ್ಯಾಹ್ನ ಪೇಪರು, ಸಂಜೆ ಗಿಡಗಳು ಎಂದು ನೆಮ್ಮದಿಯಾಗಿ ಇರುವವರೂ ಇದ್ದಾರೆ. ಅವರಿಗೆ 3 ಅಂಕ ಬರುತ್ತದೆ. ಅವರ ಏಕಾಂತಕ್ಕೆ ಕೈ ಹಾಕಬೇಡಿ. ತುಂಬಿದ ಮನೆಯಲ್ಲಿ, ಮಗ ಸೊಸೆ ಮೊಮ್ಮಕ್ಕಳ ನಡುವೆ ಇದ್ದೂ 8 ಅಂಕ ಬರುವವರು ಇದ್ದಾರೆ. ಜೊತೆ ಬೇಕಿರುವುದು ಅವರಿಗೆ.

ಪ್ರಶ್ನೆಯ ಜೊತೆ ಮನೆಯನ್ನೂ ನೋಡಿ. ಫ್ರಿಜ್ಜಿನಲ್ಲಿ ಮೂರು ದಿನದ ಸಾರು ಇದೆಯೇ? ಊಟ ಬಿಟ್ಟು ಚಾ, ಬ್ರೆಡ್ಡಿನಲ್ಲೇ ದಿನ ಹೋಗುತ್ತಿದೆಯೇ? ಟಿವಿ ಯಾರೂ ನೋಡದೆ ಇಡೀ ದಿನ ಹಾಡುತ್ತಿದೆಯೇ? ಕಾರಣವಿಲ್ಲದೆ ದಿನಕ್ಕೆ ಐದಾರು ಸಲ ಫೋನ್ ಬರುತ್ತಿದೆಯೇ? ಅಂಕವನ್ನೂ ಇವನ್ನೂ ತಾರೀಕು ಹಾಕಿ ಬರೆದಿಡಿ. ಮೂರು ತಿಂಗಳ ನಂತರ ಬೇಕಾಗುತ್ತದೆ.

ಹಂತ 3: ಹಿರಿಯರನ್ನು ಒಪ್ಪಿಸುವುದಲ್ಲ, ಕೇಳುವುದು

‘ನಿಮ್ಮನ್ನು ನೋಡಿಕೊಳ್ಳಲಿಕ್ಕೆ ಒಬ್ಬ ಜನ ಮಾಡಿದ್ದೇವೆ’ ಎಂಬ ವಾಕ್ಯ ಎಲ್ಲವನ್ನೂ ಕೆಡಿಸುತ್ತದೆ. ಅದರಲ್ಲಿ ಮೂರು ತಪ್ಪಿದೆ: ತೀರ್ಮಾನ ಆಗಿಬಿಟ್ಟಿದೆ, ಹಿರಿಯರು ಅಸಹಾಯಕರು ಎಂದು ಹೇಳಿದಂತಾಗಿದೆ, ಮನೆಗೆ ಬರುವವರು ಯಾರೆಂದು ಅವರಿಗೇ ಗೊತ್ತಿಲ್ಲ. ‘ನನಗೇನೂ ಆಗಿಲ್ಲ, ಬೇಡ’ ಎಂಬ ಉತ್ತರ ಬರುವುದೇ ಸಹಜ.

ಹೀಗೆ ಕೇಳಿ: ‘ಅಮ್ಮ, ವಾರಕ್ಕೆ ಎರಡು ದಿನ ಯಾರಾದರೂ ಬಂದರೆ ಯಾವ ಕೆಲಸಕ್ಕೆ ಅನುಕೂಲ ಆಗ್ತದೆ? ಬ್ಯಾಂಕಿಗಾ, ಗಿಡಕ್ಕಾ, ಪೇಪರ್ ಓದಲಿಕ್ಕಾ?’ ಕೆಲಸವನ್ನು ಅವರೇ ಹೆಸರಿಸಲಿ. ನಿಜವಾದ ಒಂದು ಕೆಲಸ ಬಾಗಿಲು ತೆರೆಯುತ್ತದೆ; ಮಾತುಕತೆ ಅದರ ಹಿಂದೆಯೇ ಒಳಗೆ ಬರುತ್ತದೆ. ಸುಳ್ಳು ಮಾತ್ರ ಹೇಳಬೇಡಿ. ಸಂಬಳ ಕೊಟ್ಟು ತಂದವರನ್ನು ‘ನನ್ನ ಸ್ನೇಹಿತೆ, ಸುಮ್ಮನೆ ಬಂದದ್ದು’ ಎಂದು ಪರಿಚಯಿಸಿ, ಆಮೇಲೆ ನಿಜ ತಿಳಿದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ನಿಮ್ಮ ಮೇಲಿನ ನಂಬಿಕೆಯೂ ಅದರ ಜೊತೆ ಹೋಗುತ್ತದೆ.

ಬೇಡವೇ ಬೇಡ ಎಂದರೆ ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ನಾಲ್ಕು ವಾರದ ಪ್ರಯೋಗ, ಇಷ್ಟವಾಗದಿದ್ದರೆ ಅವರೇ ನಿಲ್ಲಿಸಬಹುದು ಎಂದು ಹೇಳಿ. ಹೇಳಿದಂತೆ ನಡೆದುಕೊಳ್ಳಿ.

ಹಂತ 4: ಎರಡು ಪುಟದ ಪರಿಚಯ ಪತ್ರ

ಬರುವವರಿಗೆ ಮನೆಯ ಹಿರಿಯರು ಯಾರೆಂದು ಗೊತ್ತಿರಬೇಕು. ಒಂದು ಹಾಳೆಯ ಎರಡು ಬದಿ ಸಾಕು. ಹಿರಿಯರ ಜೊತೆ ಕೂತೇ ಬರೆಯಿರಿ.

ಎಲ್ಲಕ್ಕಿಂತ ಮೇಲೆ ಭಾಷೆ. ಮನೆಮಾತು ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪ್ರ ಕನ್ನಡವೋ, ಹವ್ಯಕವೋ? ಮರೆವಿನ ಕಾಯಿಲೆ ಶುರುವಾದವರು ಬಹುಪಾಲು ಕೊನೆಗೆ ಕಲಿತ ಭಾಷೆಯನ್ನು ಮೊದಲು ಬಿಟ್ಟು, ಚಿಕ್ಕಂದಿನ ಮಾತಿಗೆ ಮರಳುತ್ತಾರೆ. ತುಳು ಮನೆಯ ಅಜ್ಜಿಗೆ ಶುದ್ಧ ಕನ್ನಡದ ಜೊತೆಗಾರ್ತಿ ಬಂದರೆ ವಿಚಾರಣೆ ನಡೆದಂತೆ ಇರುತ್ತದೆ. ‘ಒಣಸ್ ಆಂಡಾ?’ (ಊಟ ಆಯ್ತಾ?) ಎಂದು ತುಳುವಿನಲ್ಲೇ ಕೇಳುವ ಧ್ವನಿಯೇ ಬೇರೆ.

ಆಮೇಲೆ ಏನೆಂದು ಕರೆಯಬೇಕು ಎಂಬುದು. ನಿವೃತ್ತ ಶಿಕ್ಷಕಿಗೆ ‘ಟೀಚರ್’ ಎಂದರೆ ಬೆನ್ನು ನೆಟ್ಟಗಾಗುತ್ತದೆ. ‘ಅಜ್ಜಿ’ ಎಂದರೆ ಮುಖ ಬಾಡಬಹುದು. ಮಾಷ್ಟ್ರೇ, ಶೆಟ್ರೇ, ಭಟ್ರೇ, ಬಾಯಮ್ಮ, ದೊಡ್ಡಮ್ಮ, ಯಾವುದು ಹಿತವೋ ಅವರನ್ನೇ ಕೇಳಿ ಬರೆಯಿರಿ. ಏಕವಚನ ಯಾರಿಗೂ ಬೇಡ.

ಮಿಕ್ಕದ್ದು: ಹುಟ್ಟೂರು, ಮಾಡಿದ ಕೆಲಸ, ಮಕ್ಕಳು ಮೊಮ್ಮಕ್ಕಳ ಹೆಸರು, ಮಡಿ ಮೈಲಿಗೆ, ಮೀನು, ನಮಾಜು, ರೋಸರಿಯ ವೇಳೆ, ಏಳುವ ಮಲಗುವ ಹೊತ್ತು, ಚಾಕ್ಕೆ ಸಕ್ಕರೆ ಎಷ್ಟು, ಯಕ್ಷಗಾನವಾದರೆ ತೆಂಕೋ ಬಡಗೋ. ಎತ್ತಬಾರದ ವಿಷಯಗಳನ್ನೂ ಬರೆಯಿರಿ: ತೀರಿಹೋದ ಮಗು, ಆಸ್ತಿ ಪಾಲಿನ ಜಗಳ, ಮಾತು ಬಿಟ್ಟ ತಮ್ಮ. ಕೊನೆಗೆ ಔಷಧಿ ಪಟ್ಟಿ, ಅಲರ್ಜಿ, ಇಬ್ಬರ ಫೋನ್ ಸಂಖ್ಯೆ. ಅದರಲ್ಲಿ ಒಬ್ಬರು ಹತ್ತು ನಿಮಿಷದಲ್ಲಿ ಮನೆಗೆ ಬರಬಲ್ಲವರಾಗಿರಬೇಕು. ದುಬೈಯ ಮಗನ ಸಂಖ್ಯೆ ಮಾತ್ರ ಇದ್ದರೆ ಬಿದ್ದ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಂತ 5: ಯಾರನ್ನು, ಎಲ್ಲಿಂದ

ಇಲ್ಲಿ ಹೋಂ ನರ್ಸ್ ಎಂದು ಕೇಳಿದರೆ ಏಜೆನ್ಸಿಯವರು ಕಳಿಸುವುದು ಸ್ನಾನ, ಮಾತ್ರೆ, ಹಾಸಿಗೆ ನೋಡುವವರನ್ನು. ನಡೆದಾಡುವ ಹಿರಿಯರಿಗೆ ಅದು ಬೇಕಿಲ್ಲ. ನಿಮಗೆ ಬೇಕಿರುವುದು ಕೇಳುವ ಕಿವಿ, ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸ, ಅದೇ ಭಾಷೆ.

ಅಂಥವರು ಹೆಚ್ಚಾಗಿ ಮೂರ್ನಾಲ್ಕು ಕಿಲೋಮೀಟರಿನೊಳಗೇ ಸಿಗುತ್ತಾರೆ: ಮಕ್ಕಳು ಶಾಲೆಗೆ ಹೋದ ಮೇಲೆ ಬಿಡುವಿರುವ ಸ್ವಸಹಾಯ ಸಂಘದ ಮಹಿಳೆಯರು, ನಿವೃತ್ತ ಶಿಕ್ಷಕರು, ಬೀಡಿ ಕಟ್ಟುವುದು ಕಡಿಮೆ ಮಾಡಿದ ನೆರೆಯವರು. ದೇವಸ್ಥಾನ, ಚರ್ಚು, ಮಸೀದಿಯ ಕಮಿಟಿಯಲ್ಲಿ ಕೇಳಿ. ಸಮಾಜಕಾರ್ಯ ಕಲಿಸುವ ಕಾಲೇಜುಗಳಲ್ಲಿ, ಉದಾಹರಣೆಗೆ ಮಂಗಳೂರಿನ ರೋಶನಿ ನಿಲಯದಲ್ಲಿ, ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಇರುತ್ತದೆ, ವಿಭಾಗದಲ್ಲಿ ವಿಚಾರಿಸಬಹುದು. ಆದರೆ ವಿದ್ಯಾರ್ಥಿಗಳು ಪರೀಕ್ಷೆ, ರಜೆ ಬಂದಾಗ ಹೋಗುತ್ತಾರೆ. ಅದನ್ನು ಹಿರಿಯರಿಗೆ ಮೊದಲ ದಿನವೇ ಹೇಳಬೇಕು.

ಮಾತಾಡಿಸುವಾಗ ‘ವಯಸ್ಸಾದವರನ್ನು ಕಂಡರೆ ಇಷ್ಟವಾ?’ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ಹೌದು ಎನ್ನುತ್ತಾರೆ. ‘ಅಜ್ಜಿ ಒಂದೇ ಕಥೆಯನ್ನು ನಾಲ್ಕನೇ ಸಲ ಹೇಳಿದರೆ ಏನು ಮಾಡ್ತೀರಿ?’, ‘ಇವತ್ತು ಮಾತೇ ಬೇಡ ಎಂದು ಮಲಗಿದರೆ?’, ‘ಐನೂರು ರೂಪಾಯಿ ಕೈಗಿಟ್ಟು ಯಾರಿಗೂ ಹೇಳಬೇಡ ಎಂದರೆ?’ ಇಂಥದ್ದು ಕೇಳಿ. ಮೊದಲನೆಯದಕ್ಕೆ ‘ಕಥೆಯ ಒಳಗಿನದ್ದು ಏನಾದರೂ ಹೊಸದು ಕೇಳ್ತೇನೆ’ ಎಂಬ ಅರ್ಥದ ಉತ್ತರ ಬಂದರೆ ಅವರನ್ನು ಬಿಡಬೇಡಿ.

ಆಧಾರ್ ಪ್ರತಿ, ವಿಳಾಸ, ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ನೇರ ಮಾತು, ಪೊಲೀಸ್ ಪರಿಶೀಲನೆ, ನಾಲ್ಕೂ ಬೇಕು. ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ವಿಚಾರಿಸಿ. ಪರಿಚಯದವರು ಎಂದು ಇದನ್ನು ಬಿಡಬೇಡಿ. ಇದು ಅನುಮಾನವಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಬರುವವರಿಗೆ ಮೊದಲೇ ತಿಳಿಸಿದರೆ ಯಾರಿಗೂ ನೋವಾಗುವುದಿಲ್ಲ.

ಸಂಬಳ ತಿಂಗಳಿಗೆ ನಿಗದಿಯಾಗಿರಲಿ, ಬಸ್ಸಿನ ಖರ್ಚು ಬೇರೆ ಕೊಡಿ. ‘ಇವತ್ತು ಬರಬೇಡಿ’ ಎಂದು ನೀವೇ ಹೇಳಿದ ದಿನಕ್ಕೂ ಕೊಡಬೇಕು. ಬಂದವರು ಕೂರುವುದು ಹಿರಿಯರ ಎದುರಿನ ಕುರ್ಚಿಯಲ್ಲಿ, ಕುಡಿಯುವುದು ಮನೆಯವರ ಲೋಟದಲ್ಲಿ. ಬೇರೆ ಲೋಟ ಇಡುವ ಮನೆಯಲ್ಲಿ ಜೊತೆ ಎಂಬುದು ಹುಟ್ಟುವುದಿಲ್ಲ. ಆ ಅಭ್ಯಾಸ ಬಿಡಲಾಗದ ಮನೆಯವರು ಈ ಕೆಲಸಕ್ಕೆ ಜನ ಕರೆಯಬಾರದು ಎಂದೇ ನಾವು ಹೇಳುತ್ತೇವೆ.

ಹಂತ 6: ಮೊದಲ ನಾಲ್ಕು ವಾರ

ಮೊದಲ ವಾರ ಎರಡು ಭೇಟಿ, ತಲಾ 45 ನಿಮಿಷ, ಮನೆಯವರೊಬ್ಬರು ಜೊತೆಗಿದ್ದು. ಎರಡನೇ ವಾರ ಎರಡು ಭೇಟಿ, ತಲಾ ಒಂದು ಗಂಟೆ. ಮನೆಯವರು ಅರ್ಧದಲ್ಲಿ ಅಂಗಡಿಗೆಂದು ಎದ್ದು ಹೋಗಲಿ. ಮೂರನೇ ವಾರದಿಂದ ಮೂರು ಭೇಟಿ, ತಲಾ ಎರಡು ಗಂಟೆ. ವಾರಕ್ಕೆ ಆರು ಗಂಟೆ ಸಾಕು. ಮೊದಲೇ ದಿನಕ್ಕೆ ಎಂಟು ಗಂಟೆ ಕೂರಿಸಿದರೆ ಇಬ್ಬರಿಗೂ ಉಸಿರು ಕಟ್ಟುತ್ತದೆ, ಹತ್ತು ದಿನದಲ್ಲಿ ಮುರಿಯುತ್ತದೆ.

ದಿನ, ಹೊತ್ತು ಬದಲಾಗಬಾರದು. ಸೋಮ, ಬುಧ, ಶುಕ್ರ ಬೆಳಿಗ್ಗೆ 10ರಿಂದ 12 ಎಂದರೆ ಅದೇ. ಭೇಟಿಯ ಫಲದಲ್ಲಿ ಅರ್ಧ ಕಾಯುವುದರಲ್ಲಿದೆ: ಅವರು ಬರುತ್ತಾರೆಂದು ಸೀರೆ ಬದಲಿಸುವುದು, ಜಗಲಿ ಗುಡಿಸುವುದು, ಹೇಳಲಿಕ್ಕೆ ಒಂದು ಸುದ್ದಿ ತೆಗೆದಿಡುವುದು. ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದಾದರೆ ಕಾಯುವುದು ಕಳವಳವಾಗುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಹಿರಿಯರ ಕೈಯಿಂದಲೇ ಗುರುತು ಹಾಕಿಸಿ.

ಕಿವಿ ಮಂದವಾದವರ ಜೊತೆ ಕೂರುವಾಗ ಎದುರಿಗೆ, ಮೂರ್ನಾಲ್ಕು ಅಡಿ ದೂರದಲ್ಲಿ, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕೂರಬೇಕು. ಟಿವಿ ಬಂದ್, ಫ್ಯಾನ್ ನಿಧಾನ. ಕಿರುಚಬಾರದು, ಕಿರುಚಿದಾಗ ಧ್ವನಿ ಇನ್ನೂ ತೀಕ್ಷ್ಣವಾಗಿ ಮಾತು ಮತ್ತಷ್ಟು ಅಸ್ಪಷ್ಟವಾಗುತ್ತದೆ. ಗೊತ್ತಾಗದ ವಾಕ್ಯವನ್ನು ಅದೇ ಪದಗಳಲ್ಲಿ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಬೇಕು. ಶೀಟಿನ ಮಾಡಿನ ಕೆಳಗಿನ ಜಗಲಿಯಲ್ಲಿ ಮಳೆಗಾಲದಲ್ಲಿ ಮಾತು ಸಾಧ್ಯವೇ ಇಲ್ಲ. ಒಳಗಿನ ಕೋಣೆಗೆ ಹೋಗಿ.

ಎರಡು ಗಂಟೆ ಹೀಗೆ ಕಳೆಯಬಹುದು. ಮೊದಲ ಹತ್ತು ನಿಮಿಷ ಚಾ, ಕುಶಲ. ಮುಂದಿನ ಅರ್ಧ ಗಂಟೆ ಪೇಪರು. ಕರಾವಳಿಯ ಹಿರಿಯರು ಮೊದಲು ತೆರೆಯುವುದು ನಿಧನ ವಾರ್ತೆಯ ಪುಟ. ‘ಅದು ಬೇಡ ಬಿಡಿ’ ಎಂದು ಪುಟ ಮಗುಚಬೇಡಿ. ಗುರುತಿನವರು ಕಂಡರೆ ‘ಅವರು ಹೇಗೆ ಪರಿಚಯ?’ ಎಂದು ಕೇಳಿ, ಮಾತು ಬರಲಿ. ಅವರ ಮನೆಗೆ ಒಂದು ಫೋನ್ ಮಾಡಿಸಿ. ಆಮೇಲೆ ಐವತ್ತು ನಿಮಿಷ ಕೈಕೆಲಸ. ಕೊನೆಗೆ ಅರ್ಧ ಗಂಟೆ ಅಂಗಳದಲ್ಲಿ ನಡೆಯುವುದು ಅಥವಾ ಒಟ್ಟಿಗೆ ಗಂಜಿ ಊಟ. ಎದುರಿಗೆ ಒಬ್ಬರು ಉಣ್ಣುತ್ತಿದ್ದರೆ ತುತ್ತು ತಾನಾಗಿ ಹೆಚ್ಚು ಹೋಗುತ್ತದೆ. ಏಳುವ ಮೊದಲು ‘ಬುಧವಾರ ಬರ್ತೇನೆ, ಆ ಮೆಂತೆ ತಂಬುಳಿ ಹೇಳಿಕೊಡಬೇಕು’ ಎಂದು ಮುಂದಿನ ಭೇಟಿಗೆ ಒಂದು ಕೊಂಡಿ ಇಟ್ಟು ಹೊರಡಬೇಕು.

ಹಂತ 7: ಕೈಗೆ ಕೆಲಸ

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವ ಹಂತ ಇದು. ಮಕ್ಕಳ ಬಣ್ಣದ ಪುಸ್ತಕ, ಪ್ಲಾಸ್ಟಿಕ್ ಆಟಿಕೆ ತಂದು ಎದುರಿಗಿಡಬೇಡಿ. ಹಿರಿಯರು ಗುರು, ಬಂದವರು ಶಿಷ್ಯರು ಎಂಬಂತೆ ಇರುವ ಕೆಲಸ ಹುಡುಕಿ.

ಚೆನ್ನೆಮಣೆ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಒಟ್ಟು 56 ಮಂಜೊಟ್ಟಿ ಕಾಯಿ ಬೇಕು. ಬೆರಳಿಗೆ ವ್ಯಾಯಾಮ, ತಲೆಗೆ ಲೆಕ್ಕ. ಆಟದ ಕ್ರಮ ಊರಿಂದ ಊರಿಗೆ ಬೇರೆ; ಅದಕ್ಕೇ ಜೊತೆಗಾರರು ಯೂಟ್ಯೂಬ್ ನೋಡಿ ಕಲಿತು ಬರಬಾರದು, ಹಿರಿಯರ ಕೈಯಲ್ಲೇ ಕಲಿಯಬೇಕು. ಕೈ ನಡುಗುವವರಿಗೆ ಹುಣಸೆ ಬೀಜ ಇನ್ನೂ ಸುಲಭ. ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಬಿಟ್ಟು ಬೇರೆ ಹೊತ್ತಿನಲ್ಲಿ ಚೆನ್ನೆ ಆಡಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿದೆ. ಕೇಳಿ, ಹಾಗೇ ನಡೆಯಿರಿ.

ಮಲ್ಲಿಗೆ ಕಟ್ಟುವುದು ಇನ್ನೊಂದು. ಶಂಕರಪುರ ಮಲ್ಲಿಗೆಯ ಲೆಕ್ಕದಲ್ಲಿ ಒಂದು ಚೆಂಡೆಂದರೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ವ್ಯಾಪಾರಕ್ಕೆ ಕಟ್ಟಿದ ಕೈ ಆಗಿದ್ದರೂ ಈಗ 100 ಹೂವಿಗಿಂತ ಹೆಚ್ಚು ಒಂದೇ ಸಲಕ್ಕೆ ಬೇಡ, ಕುತ್ತಿಗೆ ನೋಯುತ್ತದೆ. ಬಾಳೆ ನಾರು ಒಣಗಿದ್ದರೆ ತುಂಡಾಗುತ್ತದೆ. ಕಟ್ಟುವ ಮೊದಲು ನೀರಿನಲ್ಲಿ ನೆನೆಸಿಡಿ. ಕಟ್ಟಿದ ಹೂ ಯಾರಿಗೆ ಎಂಬುದು ಮೊದಲೇ ಗೊತ್ತಿರಬೇಕು: ನೆರೆಮನೆಯ ಹುಡುಗಿಗೆ, ದೇವಸ್ಥಾನಕ್ಕೆ, ಮೇರಿಯಮ್ಮನ ಗ್ರೊಟ್ಟೊಗೆ. ಹೊತ್ತು ಕಳೆಯಲೆಂದು ಕಟ್ಟಿ ಬಾಡಲು ಬಿಟ್ಟರೆ ಎರಡನೇ ದಿನ ಉತ್ಸಾಹ ಇರುವುದಿಲ್ಲ.

ಬಸಳೆ ನೆಡಿ. ಬಲಿತ ದಂಟಿನ ಎಂಟು ಹತ್ತು ಇಂಚಿನ ತುಂಡು, ಎರಡು ಗಂಟು ಮಣ್ಣಿನೊಳಗೆ. ಹಿರಿಯರು ಬಗ್ಗುವುದು ಬೇಡ. ಸೊಂಟದ ಎತ್ತರದ ಕಟ್ಟೆಯ ಮೇಲೆ ಗೋಣಿಚೀಲದಲ್ಲಿ ನೆಡಬಹುದು. ಒಂದೂವರೆ ಎರಡು ತಿಂಗಳಲ್ಲಿ ಮೊದಲ ಕೊಯ್ಲು. ದಿನವೂ ನೀರು ಹಾಕುವ ಹೊಣೆ ಹಿರಿಯರದ್ದೇ, ಜೊತೆಗಾರರು ಬಾರದ ದಿನವೂ. ವಾರದ ಆ ನಾಲ್ಕು ದಿನ ಇದಕ್ಕಾಗಿಯಾದರೂ ಅವರು ಅಂಗಳಕ್ಕೆ ಇಳಿಯುತ್ತಾರೆ.

ಅಡುಗೆಯನ್ನು ಬರೆಸಿಕೊಳ್ಳಿ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಕಡಿಮೆಯಾದರೆ ಕೆಸುವಿನೆಲೆ ಗಂಟಲು ತುರಿಸುತ್ತದೆ ಎಂಬಂಥ ಸೂಕ್ಷ್ಮಗಳು ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರಬಹುದು. 100 ಪುಟದ ಒಂದು ಪುಸ್ತಕ, ಪುಟಕ್ಕೊಂದು ಅಡುಗೆ. ತುಂಬಿದ ಮೇಲೆ ಮೊಮ್ಮಕ್ಕಳಿಗೆ ಪ್ರತಿ. ಗಂಡಸರ ಬಳಿ ಗದ್ದೆಯ ಹೆಸರುಗಳು, ಹಳೆಯ ಬಸ್ಸುಗಳ ದಾರಿ, ಪ್ರಸಂಗದ ಅರ್ಥಗಾರಿಕೆ ಕೇಳಿ. ಹಳೆಯ ಫೋಟೋ ತೆಗೆದರೆ ಒಂದು ದಿನಕ್ಕೆ ನಾಲ್ಕೈದು ಸಾಕು, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಇಸವಿ. ‘ಇದು ಯಾರು ಹೇಳಿ ನೋಡುವ’ ಎಂದು ಪರೀಕ್ಷೆ ಮಾಡಬೇಡಿ. ಮರೆತವರಿಗೆ ಅದು ಅವಮಾನ. ‘ಇಲ್ಲಿ ಯಾವ ಗಮ್ಮತ್ತು ನಡೀತಾ ಇದೆ?’ ಎಂದರೆ ತಪ್ಪು ಉತ್ತರವೇ ಇರುವುದಿಲ್ಲ.

ಹಂತ 8: ಪತ್ತನಾಜೆಯಿಂದ ದೀಪಾವಳಿಯವರೆಗೆ

ಕರಾವಳಿಯಲ್ಲಿ ಒಂಟಿತನಕ್ಕೆ ಒಂದು ಋತು ಇದೆ. ಮೇ ಕೊನೆಯ ಹೊತ್ತಿಗೆ, ಪತ್ತನಾಜೆಗೆ, ನೇಮ, ಕೋಲ, ಜಾತ್ರೆ ಮುಗಿಯುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ರಜೆಗೆ ಬಂದ ಮೊಮ್ಮಕ್ಕಳು ಹೊರಡುತ್ತಾರೆ. ಒಂದೆರಡು ವಾರದಲ್ಲಿ ಮಳೆ ಹಿಡಿಯುತ್ತದೆ. ಇವೆಲ್ಲ ಒಂದೇ ಹದಿನೈದು ದಿನದಲ್ಲಿ ಆಗುವುದರಿಂದ ಜೂನ್, ಜುಲೈ ಹಿರಿಯರಿಗೆ ಬಹಳ ಭಾರ. ಜೊತೆ ಶುರು ಮಾಡುವುದಾದರೆ ಏಪ್ರಿಲ್‌ನಲ್ಲಿ ಮಾಡಿ, ಮಳೆ ಬರುವಾಗ ಪರಿಚಯ ಗಟ್ಟಿಯಾಗಿರುತ್ತದೆ.

ಮಳೆಗಾಲಕ್ಕೆ ಮೂರು ಭೇಟಿಯನ್ನು ನಾಲ್ಕು ಮಾಡಿ, ತಲಾ ಒಂದೂವರೆ ಗಂಟೆಗೆ ಇಳಿಸಿ. ಬರಲಾಗದಷ್ಟು ಮಳೆ ಎಂದಾದರೆ ಅದೇ 10 ಗಂಟೆಗೆ ಹದಿನೈದು ನಿಮಿಷ ಫೋನ್, ತಪ್ಪದೆ. ಕರೆಂಟು ಹೋದರೆ ಬೇಕಾಗುತ್ತದೆಂದು ಫೋನ್ ಚಾರ್ಜ್, ಟಾರ್ಚ್ ಸೋಮವಾರದ ಭೇಟಿಯಲ್ಲೇ ನೋಡಿಕೊಳ್ಳಿ. ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಮುರಿದುಕೊಂಡವರು ಆಮೇಲೆ ಹೊರಗೇ ಬರುವುದಿಲ್ಲ. ಬಾವಿಗೆ, ತುಳಸಿಕಟ್ಟೆಗೆ ಹೋಗುವ ದಾರಿಗೆ ಅಡಿಕೆ ಸೋಗೆ ಹಾಸಿ, ಪಾಚಿ ಕಟ್ಟಿದಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಆಟಿ ಚೆನ್ನೆ, ಆಟಿ ಅಡುಗೆ, ಹಪ್ಪಳ ಸುಟ್ಟುಕೊಂಡು ಕೇಳುವ ತಾಳಮದ್ದಳೆ, ಈ ಊರಿನ ಹಿಂದಿನವರು ಮಳೆಗಾಲಕ್ಕೆಂದೇ ಇಟ್ಟುಕೊಂಡದ್ದು ಇವು. ಅವನ್ನೇ ಬಳಸಿ.

ಹಂತ 9: ದೂರದ ಮಕ್ಕಳ ಪಾಲು

ಜೊತೆಗಾರರು ಬಂದರೆಂದು ಮಕ್ಕಳ ಫೋನ್ ಕಡಿಮೆಯಾಗಬಾರದು. ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ವಿಡಿಯೋ ಕರೆ. ಇಲ್ಲಿ ರಾತ್ರಿ 8 ಎಂದರೆ ದುಬೈ, ಮಸ್ಕತ್‌ನಲ್ಲಿ 6:30. ದೋಹಾ, ಕುವೈತ್, ರಿಯಾದ್‌ನಲ್ಲಿ 5:30. ಎರಡೂ ಕಡೆ ಹೊಂದುವ ಹೊತ್ತು ಆರಿಸಿ. ಕೈಯಲ್ಲಿ ಹಿಡಿದರೆ ಹಣೆ ಮಾತ್ರ ಕಾಣುತ್ತದೆ, ಆದ್ದರಿಂದ ಫೋನಿಗೆ ಸ್ಟ್ಯಾಂಡ್ ಬೇಕು. ಅದನ್ನು ಇಟ್ಟು, ಉತ್ತರಿಸುವ ಗುಂಡಿಯನ್ನು ಅಭ್ಯಾಸ ಮಾಡಿಸುವುದು ಜೊತೆಗಾರರ ಕೆಲಸ.

‘ಮಾತ್ರೆ ತಗೊಂಡ್ರಾ, ಬಿಪಿ ಎಷ್ಟು, ಬಾಗಿಲು ಹಾಕಿದ್ರಾ’ ಎಂಬಷ್ಟಕ್ಕೇ ಕರೆ ಮುಗಿದರೆ ಅದು ಹಾಜರಿ ತೆಗೆದಂತೆ. ಸಲಹೆ ಕೇಳಿ. ‘ಅಮ್ಮ, ಇಲ್ಲಿ ಬಂಗುಡೆ ಸಿಕ್ಕಿದೆ, ಪುಳಿಮುಂಚಿಗೆ ಮೆಣಸು ಎಷ್ಟು ಹಾಕ್ಲಿ?’ ಎಂಬ ಪ್ರಶ್ನೆಯಿಂದ ಅವರ ಇಡೀ ಸಂಜೆ ಬೆಳಗುತ್ತದೆ.

ಎಲ್ಲಿ ಕೆಡುತ್ತದೆ

ಜೊತೆಗಾರರು ನಿಧಾನಕ್ಕೆ ಮನೆಕೆಲಸದವರಾಗುವುದು ಹೆಚ್ಚು ಕಾಣುವ ತೊಂದರೆ. ಮೊದಲು ನಾಲ್ಕು ಪಾತ್ರೆ, ಆಮೇಲೆ ಬಟ್ಟೆ, ಆಮೇಲೆ ನೆಲ. ತಿಂಗಳಲ್ಲಿ ಕೂತು ಮಾತಾಡಲು ಹೊತ್ತಿಲ್ಲ. ಹಿರಿಯರ ಜೊತೆ ಸೇರಿ ಮಾಡುವ ಕೆಲಸ ಸರಿ, ಅವರ ಬದಲಿಗೆ ಮಾಡುವ ಕೆಲಸ ಅಲ್ಲ ಎಂದು ಮೊದಲ ದಿನವೇ ಬರೆದು ಕೊಡಿ. ಎದುರಿಗೆ ಕೂತು ತಮ್ಮ ಮೊಬೈಲ್ ನೋಡುವುದು ಇನ್ನೊಂದು. ಅದು ಬಾಗಿಲ ಬಳಿಯ ಮೇಜಿನ ಮೇಲಿರಲಿ, ಕರೆ ಬಂದರೆ ಎದ್ದು ಹೋಗಿ ತೆಗೆಯಲಿ.

ಹಣದ ನಿಯಮ ಗಟ್ಟಿಯಾಗಿರಬೇಕು. ಸಾಲ ಕೇಳುವಂತಿಲ್ಲ, ಕೊಡುವಂತಿಲ್ಲ. ಎಟಿಎಂ ಪಿನ್, ಓಟಿಪಿ ಯಾರ ಕೈಗೂ ಇಲ್ಲ. ಸಾಮಾನಿಗೆ ಕೊಟ್ಟ ಹಣ, ರಶೀದಿ, ಉಳಿಕೆ ಒಂದು ಚಿಕ್ಕ ಪುಸ್ತಕದಲ್ಲಿ. ಹಬ್ಬಕ್ಕೆ ಸೀರೆ, ಸಿಹಿ ಕೊಡುವುದಾದರೆ ಮನೆಯವರಿಗೆ ಗೊತ್ತಿದ್ದೇ ಕೊಡಲಿ. ಇದು ಜೊತೆಗಾರರಿಗೂ ರಕ್ಷಣೆ: ಬಳೆ ಕಾಣದಾದ ದಿನ ಮೊದಲ ಅನುಮಾನ ಅವರ ಮೇಲೆ ಬೀಳುತ್ತದೆ, ಆಮೇಲೆ ಅದು ಅಕ್ಕಿ ಡಬ್ಬಿಯಲ್ಲಿ ಸಿಗುತ್ತದೆ. ಒಡವೆ ಲಾಕರಿನಲ್ಲಿರಲಿ. ಔಷಧಿಯನ್ನು ನೆನಪಿಸಬಹುದು; ಪ್ರಮಾಣ ಬದಲಿಸುವುದು, ಇಂಜೆಕ್ಷನ್ ಕೊಡುವುದು ಅವರ ಕೆಲಸವಲ್ಲ.

ಹಿರಿಯರು ಹೇಳಿದ ಮನೆಯ ಗುಟ್ಟು ಹೊರಗೆ ಹೋಗಬಾರದು. ಎರಡು ವಿಷಯಗಳಿಗೆ ಮಾತ್ರ ಈ ನಿಯಮ ಇಲ್ಲ. ಯಾರೋ ಹೊಡೆಯುತ್ತಿದ್ದಾರೆ, ಊಟ ಹಾಕುತ್ತಿಲ್ಲ, ಹೆದರಿಸಿ ಸಹಿ ಹಾಕಿಸುತ್ತಿದ್ದಾರೆ ಎಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ ಬಗ್ಗೆ 2007ರ ಕಾಯ್ದೆಯೇ ಇದೆ. ಇನ್ನೊಂದು, ‘ಸಾಕು, ದೇವರು ಬೇಗ ಕರೆಸಿಕೊಳ್ಳಲಿ’ ಎಂಬ ಮಾತು. ಅಭ್ಯಾಸದ ಮಾತು ಎಂದು ಬಿಡಬೇಡಿ. ಪಕ್ಕ ಕೂತು ನೇರವಾಗಿ ಕೇಳಿ: ‘ಜೀವ ಕಳಕೊಳ್ಳುವ ಯೋಚನೆ ಬರ್ತದಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಹಸಿವು, ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಜೊತೆ ಮಾತ್ರ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಜೀವದ ಪ್ರಶ್ನೆಗೆ ‘ಹೌದು’ ಎಂದರೆ ಒಬ್ಬರನ್ನೇ ಬಿಡಬೇಡಿ, ತೋಟಕ್ಕೆ ಹೊಡೆಯುವ ಕೀಟನಾಶಕ, ನಿದ್ದೆ ಮಾತ್ರೆಗಳಿಗೆ ಬೀಗ ಹಾಕಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ, ತುರ್ತಿಗೆ 112.

ಹಂತ 10: ಮೂರು ತಿಂಗಳಾದ ಮೇಲೆ

ಹಂತ 2ರ ಪ್ರಶ್ನೆಗಳನ್ನು ಎಂಟನೇ ಮತ್ತು ಹನ್ನೆರಡನೇ ವಾರದಲ್ಲಿ ಮತ್ತೆ ಕೇಳಿ. ಜೊತೆಗಾರರು ಎದುರಿಗಿರಬಾರದು. 8 ಇದ್ದದ್ದು 6 ಅಥವಾ 5 ಆದರೆ ದಾರಿ ಸರಿ. ಹಾಗೇ ನಿಂತಿದ್ದರೆ ಗಂಟೆ ಹೆಚ್ಚಿಸುವ ಮೊದಲು ಭಾಷೆ, ಹೊತ್ತು, ಕೆಲಸ ಈ ಮೂರರಲ್ಲಿ ಒಂದನ್ನು ಬದಲಿಸಿ ನೋಡಿ.

ಅಂಕ ಇಳಿದರೆ ಹೊರಗೆ ಹೋಗುವ ಕಾಲ. ಒಬ್ಬರ ಮೇಲೇ ಇಡೀ ಲೋಕ ನಿಂತರೆ ಅವರು ರಜೆ ಹಾಕಿದ ದಿನ ಎಲ್ಲ ಕುಸಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಕದ್ರಿ ಪಾರ್ಕ್ ಅಥವಾ ಅಜ್ಜರಕಾಡಿನ ಭುಜಂಗ ಪಾರ್ಕ್, ಹಿರಿಯ ನಾಗರಿಕರ ಸಂಘದ ಸಭೆ, ಪರಿಚಯದವರ ಮನೆ. ಖಾಸಗಿ ಬಸ್ಸಿನ ಮೆಟ್ಟಿಲು ಎತ್ತರ, ಕಂಡಕ್ಟರಿಗೆ ಅವಸರ. ರಿಕ್ಷಾದಲ್ಲಿ ಹೋಗಿ, ಹೋದಲ್ಲಿ ಶೌಚಾಲಯ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಎಷ್ಟೋ ಹಿರಿಯರು ಹೊರಗೆ ಬೇಡ ಎನ್ನುವುದು ಅದೊಂದೇ ಭಯಕ್ಕೆ. ಒಂದೂವರೆ ಗಂಟೆಯಲ್ಲಿ ಮನೆಗೆ ಮರಳಿ.

ಜೊತೆಗಾರರು ಕೆಲಸ ಬಿಡುವ ದಿನ ಬಂದರೆ ಫೋನಿನಲ್ಲಿ ಮುಗಿಸಬೇಡಿ. ಎರಡು ವಾರ ಮೊದಲೇ ಹಿರಿಯರಿಗೆ ಅವರ ಬಾಯಿಂದಲೇ ಗೊತ್ತಾಗಲಿ, ಹೊಸಬರು ಕೊನೆಯ ಎರಡು ಭೇಟಿಗೆ ಜೊತೆಯಲ್ಲೇ ಬರಲಿ. ಚೆನ್ನೆಯ ಲೆಕ್ಕ, ಅರ್ಧ ತುಂಬಿದ ಅಡುಗೆ ಪುಸ್ತಕ, ಬಸಳೆಗೆ ನೀರು ಹಾಕುವ ಹೊತ್ತು, ಇವನ್ನು ಹೊಸಬರಿಗೆ ಒಪ್ಪಿಸುವ ಕೆಲಸ ಹಿರಿಯರೇ ಮಾಡಲಿ.